ಮೂಲನಿವಾಸಿ ಊರುಗಳ ಕುಡಿಯುವ ನೀರು: ಕಲುಷಿತ ಅಂತರ್ಜಲದ ಶುದ್ಧೀಕರಣ

ಕೆನಡ, ಅಮೆರಿಕ ಸಂಯುಕ್ತ ಸಂಸ್ಥಾನ, ಆಸ್ಟ್ರೇಲಿಯಗಳಲ್ಲಿ ಮೂಲನಿವಾಸಿ ಜನ ನೆಲೆಸಿರುವ ಅನೇಕ ಚಿಕ್ಕ ಊರುಗಳಿಗೆ ಕೊಳವೆಬಾವಿಯೇ ಕುಡಿಯುವ ನೀರಿನ ಆಸರೆ. ಆ ನೀರಿನಲ್ಲಿ ಕಬ್ಬಿಣ, ಮ್ಯಾಂಗನೀಸ್, ಅಮೋನಿಯಾ, ಆರ್ಸೆನಿಕ್, ಯುರೇನಿಯಂ, ನೈಟ್ರೇಟ್ ಇವುಗಳಲ್ಲಿ ಒಂದೋ ಹಲವೋ ಮಿತಿ ಮೀರಿ ಕರಗಿರುವುದುಂಟು. ಇವನ್ನೆಲ್ಲ ತೆಗೆಯುವ ವಿಧಾನಗಳು ವಿಜ್ಞಾನಕ್ಕೆ ಚೆನ್ನಾಗಿ ಗೊತ್ತು. ಹೀಗಿದ್ದೂ ಕೆಲವು ಊರುಗಳಲ್ಲಿ ಒಂದಿಡೀ ತಲೆಮಾರು ನಲ್ಲಿ ನೀರು ಕುಡಿಯದೆಯೇ ಬೆಳೆದಿದೆ. ಬಾವಿಯ ನೀರು ಎಂಥದೆಂದು ಸ್ಥಳದಲ್ಲೇ ಪರೀಕ್ಷಿಸದೆ, ಬೇರೆಲ್ಲೋ ನಡೆಯುವ ಘಟಕವನ್ನು ಹಾಗೆಯೇ ತಂದು ಕೂರಿಸಿದ್ದು ಇದಕ್ಕೆ ಮುಖ್ಯ ಕಾರಣ. ಘಟಕವನ್ನು ನಡೆಸಬೇಕಾದ ಊರಿನವರಿಗೆ ಅದರ ಯೋಜನೆಯಲ್ಲಿ ಪಾಲು ಕೊಡದಿದ್ದದ್ದು ಇನ್ನೊಂದು.

ಕೆನಡದಲ್ಲಿ ಈ ಸಮಸ್ಯೆಯ ದಾಖಲೆ ದೊಡ್ಡದಾಗಿದೆ. 2011ರ ಜುಲೈಯಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ, ಮೂಲನಿವಾಸಿ ಸಮುದಾಯಗಳಾದ ಫಸ್ಟ್ ನೇಷನ್‌ಗಳ 807 ನೀರು ಪೂರೈಕೆ ವ್ಯವಸ್ಥೆಗಳನ್ನು ಪರಿಶೀಲಿಸಿ, ಅವುಗಳಲ್ಲಿ 314, ಅಂದರೆ ಶೇ. 39ರಷ್ಟು, ಹೆಚ್ಚಿನ ಅಪಾಯದಲ್ಲಿವೆ ಎಂದಿತು. ನೀರನ್ನು ಕುದಿಸಿಯೇ ಕುಡಿಯಬೇಕು, ಅಥವಾ ಕುಡಿಯಲೇಬಾರದು ಎಂಬ ಎಚ್ಚರಿಕೆ ಒಂದು ವರ್ಷ ಮೀರಿ ಮುಂದುವರಿದರೆ ಅದನ್ನು ದೀರ್ಘಾವಧಿ ಎಚ್ಚರಿಕೆ ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ. 2015ರ ನವೆಂಬರ್‌ನಲ್ಲಿ ಫಸ್ಟ್ ನೇಷನ್ ಊರುಗಳ ಸಾರ್ವಜನಿಕ ಪೂರೈಕೆಯ ಮೇಲೆ ಇಂಥ 105 ಎಚ್ಚರಿಕೆಗಳಿದ್ದವು. 2021ರ ಮಾರ್ಚ್ ಒಳಗೆ ಎಲ್ಲವನ್ನೂ ತೆರವುಗೊಳಿಸುವುದಾಗಿ ಅಂದಿನ ಪ್ರಧಾನಿ ಜಸ್ಟಿನ್ ಟ್ರೂಡೊ ಮಾತು ಕೊಟ್ಟರು, ಗಡುವು ತಪ್ಪಿತು. 2025ರ ಹೊತ್ತಿಗೆ 140ಕ್ಕೂ ಹೆಚ್ಚು ಎಚ್ಚರಿಕೆಗಳು ತೆರವಾಗಿದ್ದರೂ ಮೂವತ್ತಕ್ಕೂ ಹೆಚ್ಚು ಉಳಿದಿದ್ದವು. ಹಳೆಯವು ಹೋಗುತ್ತಿದ್ದಂತೆ ಹೊಸವು ಸೇರುತ್ತ ಬಂದದ್ದರಿಂದ ಈ ಲೆಕ್ಕ ಕೂಡಿ ಕಳೆದರೆ ಹೊಂದುವುದಿಲ್ಲ. ಆಂಟೇರಿಯೊ ಪ್ರಾಂತ್ಯದ ನೆಸ್ಕಾಂಟಗ ಎಂಬ ಊರು 1995ರಿಂದ ನೀರು ಕುದಿಸುತ್ತಲೇ ಇದೆ. ಅದರ ಮೂಲ ಸರೋವರ. ಹಾಗಾಗಿ ಅದು ಈ ಲೇಖನದ ವ್ಯಾಪ್ತಿಗೆ ನೇರವಾಗಿ ಸೇರದು. ಆದರೆ ಕಾಲದ ಅಳತೆ ತಿಳಿಯಲು ಅದನ್ನು ಹೆಸರಿಸದೆ ಬಿಡುವಂತಿಲ್ಲ.

ನೆಲದಡಿಯ ರಸಾಯನ

ಅಂತರ್ಜಲ ಕೆಡುವುದು ಯಾವಾಗಲೂ ಮನುಷ್ಯನ ಕೈಯಿಂದಲೇ ಅಲ್ಲ. ಕೆನಡದ ಹುಲ್ಲುಗಾವಲು ಪ್ರಾಂತ್ಯಗಳಾದ ಸಸ್ಕಾಚೆವಾನ್, ಆಲ್ಬರ್ಟ, ಮ್ಯಾನಿಟೋಬಗಳ ಬಹುಭಾಗ ಹಿಮನದಿಗಳು ಅರೆದು ತಂದು ಸುರಿದ ಮಣ್ಣು. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಹಿಮ ಸರಿದಾಗ ಉಳಿದ ಈ ಜೇಡಿ, ಮರಳು, ಕಲ್ಲುಗಳ ರಾಶಿಯಲ್ಲಿ ಪೈರೈಟಿನಂಥ ಗಂಧಕದ ಖನಿಜಗಳೂ ಹಳೆಯ ಸಸ್ಯಾವಶೇಷಗಳೂ ಬೆರೆತಿವೆ. ಮೇಲಿನ ಪದರಗಳಲ್ಲಿ ಪೈರೈಟ್ ಗಾಳಿಗೆ ಸಿಕ್ಕು ಸಲ್ಫೇಟ್ ಆಗುತ್ತದೆ, ನೀರು ಗಡಸಾಗುತ್ತದೆ. ಆಳಕ್ಕೆ ಇಳಿದಂತೆ ಆಮ್ಲಜನಕ ಮುಗಿಯುತ್ತದೆ. ಅಲ್ಲಿ ಸೂಕ್ಷ್ಮಜೀವಿಗಳು ಕಬ್ಬಿಣ ಮತ್ತು ಮ್ಯಾಂಗನೀಸಿನ ಆಕ್ಸೈಡ್‌ಗಳನ್ನು ಒಡೆದು ಉಸಿರಾಡುತ್ತವೆ. ಆ ಆಕ್ಸೈಡ್‌ಗಳಿಗೆ ಅಂಟಿಕೊಂಡಿದ್ದ ಆರ್ಸೆನಿಕ್ ಬಿಡುಗಡೆಯಾಗಿ ನೀರಿಗೆ ಸೇರುತ್ತದೆ. ಸಾವಯವ ಪದಾರ್ಥ ಕೊಳೆತು ಅಮೋನಿಯಾ ಹುಟ್ಟುತ್ತದೆ. ಒಂದೇ ಬಾವಿಯಲ್ಲಿ ಕಬ್ಬಿಣ, ಮ್ಯಾಂಗನೀಸ್, ಆರ್ಸೆನಿಕ್, ಅಮೋನಿಯಾ, ಕರಗಿದ ಸಾವಯವ ಇಂಗಾಲ ಎಲ್ಲವೂ ಜೊತೆಗಿರುವುದು ಆಕಸ್ಮಿಕವಲ್ಲ. ಅವೆಲ್ಲ ಒಂದೇ ಪ್ರಕ್ರಿಯೆಯ ಫಲ.

ಇಂಥ ನೀರನ್ನು ಬಾವಿಯಿಂದ ಆಗತಾನೇ ಎತ್ತಿ ಗಾಜಿನ ಲೋಟಕ್ಕೆ ಹಿಡಿದರೆ ತಿಳಿಯಾಗಿಯೇ ಕಾಣುತ್ತದೆ. ಮೂಗಿನ ಹತ್ತಿರ ತಂದರೆ ಕೊಳೆತ ಮೊಟ್ಟೆಯ ವಾಸನೆ ಬರುವುದುಂಟು. ಅದು ಹೈಡ್ರೋಜನ್ ಸಲ್ಫೈಡ್. ಲೋಟವನ್ನು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಕಾದರೆ ನೀರು ಮಸುಕಾಗಿ, ಹಳದಿಗೆ ತಿರುಗಿ, ಕೊನೆಗೆ ತಳದಲ್ಲಿ ತುಕ್ಕಿನ ಬಣ್ಣದ ಗಸಿ ಕೂರುತ್ತದೆ. ಕರಗಿದ್ದ ಕಬ್ಬಿಣ ಗಾಳಿ ತಗುಲಿ ಗಟ್ಟಿಯಾಗುವ ಬಗೆ ಇದು. ಬಟ್ಟೆ, ಸಿಂಕು, ಸ್ನಾನದ ತೊಟ್ಟಿ ಎಲ್ಲಕ್ಕೂ ಕಲೆ ಹಿಡಿಯುತ್ತದೆ. ಮ್ಯಾಂಗನೀಸ್ ಹೆಚ್ಚಿದ್ದರೆ ಕಲೆ ಕಪ್ಪು. ಮ್ಯಾಂಗನೀಸನ್ನು ಬಹುಕಾಲ ಬಣ್ಣ ಮತ್ತು ರುಚಿಯ ತೊಂದರೆ ಎಂದಷ್ಟೇ ಎಣಿಸಿದ್ದರು. ಶಿಶುಗಳ ಮಿದುಳಿನ ಬೆಳವಣಿಗೆಗೆ ಅದರಿಂದ ಹಾನಿಯಾಗಬಹುದೆಂಬ ಪುರಾವೆ ಕೂಡಿಬಂದ ಮೇಲೆ 2019ರಲ್ಲಿ ಕೆನಡದ ಆರೋಗ್ಯ ಇಲಾಖೆ ಲೀಟರಿಗೆ 0.12 ಮಿಲಿಗ್ರಾಂ ಎಂಬ ಆರೋಗ್ಯ ಮಿತಿಯನ್ನು ಗೊತ್ತುಮಾಡಿತು. ಆರ್ಸೆನಿಕ್‌ಗಾದರೋ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ವರ್ಷಗಟ್ಟಲೆ ದೇಹ ಸೇರಿದ ಮೇಲೆ ಚರ್ಮ, ಮೂತ್ರಕೋಶ, ಶ್ವಾಸಕೋಶಗಳ ಕ್ಯಾನ್ಸರ್ ಆಗಿ ತೋರಿಕೊಳ್ಳುತ್ತದೆ. ಅದರ ಮಿತಿ ಲೀಟರಿಗೆ 0.01 ಮಿಲಿಗ್ರಾಂ.

ಕ್ಲೋರಿನ್ ಏಕೆ ಸಾಲದು

ಸಣ್ಣ ಊರಿನ ನೀರಿಗೆ ಎಲ್ಲೆಡೆ ಮೊದಲು ಹೊಳೆಯುವ ಉಪಾಯ ಕ್ಲೋರಿನ್. ರೋಗಾಣುಗಳನ್ನು ಕೊಲ್ಲಲು ಅದಕ್ಕೆ ಸಾಟಿಯಾದ ಅಗ್ಗದ ವಸ್ತು ಮತ್ತೊಂದಿಲ್ಲ. ಆದರೆ ಅಮೋನಿಯಾ ಇರುವ ನೀರಿಗೆ ಬಿದ್ದ ಕ್ಲೋರಿನ್ ಮೊದಲು ಅಮೋನಿಯಾದೊಡನೆ ಸೇರಿ ಕ್ಲೋರಮೈನ್ ಆಗುತ್ತದೆ. ಕ್ಲೋರಮೈನಿನ ಕೊಲ್ಲುವ ಶಕ್ತಿ ತುಂಬ ಕಡಿಮೆ. ಅಮೋನಿಯಾ ಪೂರ್ತಿ ಕಳೆದು ಮುಕ್ತ ಕ್ಲೋರಿನ್ ಉಳಿಯಬೇಕಾದರೆ, ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ ಲೆಕ್ಕದ ಪ್ರಕಾರ ಸುಮಾರು 7.6 ಮಿಲಿಗ್ರಾಂ ಕ್ಲೋರಿನ್ ಬೇಕು. ಕಾರ್ಯತಃ ಹತ್ತರ ಹತ್ತಿರ ಹೋಗುತ್ತದೆ. ಕರಗಿದ ಕಬ್ಬಿಣ, ಮ್ಯಾಂಗನೀಸ್, ಸಲ್ಫೈಡ್‌ಗಳೂ ತಮ್ಮ ಪಾಲಿನ ಕ್ಲೋರಿನ್ ಕಬಳಿಸುತ್ತವೆ.

ಘಟಕದ ಆಪರೇಟರ್ ಇದನ್ನು ದಿನವೂ ಕಣ್ಣಾರೆ ನೋಡುತ್ತಾರೆ. ಮುಕ್ತ ಕ್ಲೋರಿನ್ ಅಳೆಯಲು ಪುಟ್ಟ ಸೀಸೆಗೆ ನೀರು ತುಂಬಿ, ಡಿಪಿಡಿ ಎಂಬ ಪುಡಿಯನ್ನು ಹಾಕಿ ಅಲುಗಾಡಿಸಬೇಕು. ಮುಕ್ತ ಕ್ಲೋರಿನ್ ಇದ್ದರೆ ಒಡನೆಯೇ ಗುಲಾಬಿ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ಕ್ಲೋರಿನ್ ಹೆಚ್ಚು. ಅಮೋನಿಯಾ ಉಳಿದಿರುವ ನೀರಿನಲ್ಲಿ ಬಣ್ಣ ಒಡನೆ ಮೂಡುವುದಿಲ್ಲ. ಮೆಲ್ಲಗೆ, ತೀರ ತೆಳುವಾಗಿ ಕಂಡರೆ ಕಂಡೀತು. ಆಪರೇಟರ್ ಕ್ಲೋರಿನ್ ಏರಿಸುತ್ತಾರೆ, ಮತ್ತೆ ಅಳೆಯುತ್ತಾರೆ, ಮತ್ತೆ ಏರಿಸುತ್ತಾರೆ. ಇತ್ತ ನೀರಿನಲ್ಲಿರುವ ಸಾವಯವ ಪದಾರ್ಥ ಇದೇ ಕ್ಲೋರಿನ್ನಿನ ಜೊತೆ ಕೂಡಿ ಟ್ರೈಹ್ಯಾಲೊಮೀಥೇನ್‌ಗಳೆಂಬ ಹಾನಿಕರ ಸಂಯುಕ್ತಗಳಾಗುತ್ತದೆ. ನೀರಿಗೆ ಕ್ಲೋರಿನ್ ಘಾಟು ಬಂದು ಜನ ಅದನ್ನು ಬಾಯಿಗಿಡಲಾರರು. ಹೀಗೆ ರೋಗಾಣುವಿನ ಭಯ ಒಂದು ಕಡೆ, ರಾಸಾಯನಿಕದ ಭಯ ಮತ್ತೊಂದು ಕಡೆ. ನಡುವೆ ಸಿಕ್ಕ ಆಪರೇಟರ್ ಮೇಲೆ ಅಸಮರ್ಥ ಎಂಬ ದೂರು. ಅನೇಕ ವರದಿಗಳಲ್ಲಿ 'ನಿರ್ವಹಣೆಯ ಲೋಪ' ಎಂದು ಬರೆದದ್ದರ ಹಿಂದೆ ಈ ಬಿಡಿಸಲಾಗದ ಗಂಟು ಎಷ್ಟೋ ಬಾರಿ ಇರುತ್ತದೆ.

ಕುದಿಸುವುದರಿಂದ ಇದಕ್ಕೆ ಪರಿಹಾರ ಸಿಗದು. ಕುದಿತ ಬ್ಯಾಕ್ಟೀರಿಯಾ, ವೈರಸ್‌ಗಳನ್ನು ಕೊಲ್ಲುತ್ತದೆ. ಆರ್ಸೆನಿಕ್, ಯುರೇನಿಯಂ, ನೈಟ್ರೇಟ್‌ಗಳನ್ನು ಮುಟ್ಟುವುದಿಲ್ಲ. ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಏರುತ್ತದೆ. ಆದ್ದರಿಂದ ಎಚ್ಚರಿಕೆಗಳಲ್ಲೇ ಎರಡು ಬಗೆ ಇರುವುದನ್ನು ತಿಳಿದಿರುವುದು ಜೀವಕ್ಕೆ ಸಂಬಂಧಿಸಿದ ವಿಷಯ: 'ಕುದಿಸಿ ಕುಡಿಯಿರಿ' ಒಂದು, 'ಕುಡಿಯಲೇಬೇಡಿ' ಇನ್ನೊಂದು.

ಯೆಲ್ಲೊ ಕ್ವಿಲ್‌ನ ಪ್ರಯೋಗ

ಸಸ್ಕಾಚೆವಾನ್ ಪ್ರಾಂತ್ಯದ ಯೆಲ್ಲೊ ಕ್ವಿಲ್ ಫಸ್ಟ್ ನೇಷನ್ ಸೋಟೋ ಜನರ ಊರು. ಹಿಂದೆ ಅದರ ಘಟಕಕ್ಕೆ ನೀರು ಬರುತ್ತಿದ್ದದ್ದು ಹಿಮ ಕರಗುವ ಕಾಲದಲ್ಲಷ್ಟೇ ಹರಿಯುವ ಸಣ್ಣ ತೊರೆಯಿಂದ. ಆ ನೀರನ್ನು ಹಿಡಿದಿಟ್ಟು ವರ್ಷವಿಡೀ ಬಳಸಬೇಕಿತ್ತು. 1995ರಲ್ಲಿ ಅಲ್ಲಿ ಕುದಿಸಿ ಕುಡಿಯುವ ಎಚ್ಚರಿಕೆ ಜಾರಿಯಾಯಿತು. ಅದು ತೆರವಾದದ್ದು 2004ರಲ್ಲಿ. ಈ ಒಂಬತ್ತು ವರ್ಷಗಳ ಕೊನೆಯ ಭಾಗದಲ್ಲಿ ನಡೆದ ಕೆಲಸ ಸಣ್ಣ ಊರುಗಳ ನೀರಿನ ಇತಿಹಾಸದಲ್ಲಿ ವಿಶೇಷವಾದದ್ದು.

ಊರಿನವರು ತೊರೆಯನ್ನು ಬಿಟ್ಟು ಅಂತರ್ಜಲದ ಕಡೆ ತಿರುಗಿದರು. ಸಿಕ್ಕ ನೀರಿನಲ್ಲಿ ಕಬ್ಬಿಣ, ಮ್ಯಾಂಗನೀಸ್, ಅಮೋನಿಯಾ, ಆರ್ಸೆನಿಕ್, ಸಾವಯವ ಇಂಗಾಲ ಎಲ್ಲವೂ ಇದ್ದವು. ಸೇಫ್ ಡ್ರಿಂಕಿಂಗ್ ವಾಟರ್ ಫೌಂಡೇಶನ್ ಸಂಸ್ಥೆಯ ವಿಜ್ಞಾನಿ ಹಾನ್ಸ್ ಪೀಟರ್ಸನ್ ಅವರು ನೇರವಾಗಿ ಘಟಕದ ನಕ್ಷೆ ಬರೆಯಲು ಹೋಗಲಿಲ್ಲ. ಊರಿನಲ್ಲೇ ಸಣ್ಣ ಪ್ರಾಯೋಗಿಕ ಘಟಕವನ್ನಿಟ್ಟು ಅದೇ ಬಾವಿಯ ನೀರಿನ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಪರೀಕ್ಷೆ ನಡೆಸಿದರು. ಊರಿನ ಆಪರೇಟರ್‌ಗಳು ಈ ಪರೀಕ್ಷೆಯ ಜೊತೆಗೇ ಪಳಗಿದರು. ಎಷ್ಟು ಹೊತ್ತು ಗಾಳಿಯೂದಿದರೆ ಸಾಕು, ಶೋಧಕದ ಯಾವ ಹರಳು ಬೇಗ ಕಟ್ಟಿಕೊಳ್ಳುತ್ತದೆ ಎಂಬುದೆಲ್ಲ ಘಟಕ ಕಟ್ಟುವ ಮೊದಲೇ ತಿಳಿದಿತ್ತು. ಈ ಕ್ರಮವೇ ಆ ಯೋಜನೆಯ ನಿಜವಾದ ಆವಿಷ್ಕಾರ; ಯಂತ್ರೋಪಕರಣ ಎರಡನೆಯ ಮಾತು.

ಅಲ್ಲಿ ರೂಪುಗೊಂಡ ವಿಧಾನದಲ್ಲಿ ಎರಡು ಹಂತ. ಮೊದಲು ಜೈವಿಕ ಶೋಧನೆ, ಆಮೇಲೆ ರಿವರ್ಸ್ ಆಸ್ಮೋಸಿಸ್, ಅಂದರೆ ಆರ್‌ಓ ಪೊರೆ.

ಜೈವಿಕ ಶೋಧಕವೆಂದರೆ ಸುಟ್ಟು ಉಬ್ಬಿಸಿದ ಜೇಡಿಯ ಹರಳು, ಹರಳು ರೂಪದ ಸಕ್ರಿಯ ಇದ್ದಿಲು ಮೊದಲಾದವನ್ನು ತುಂಬಿದ ತೊಟ್ಟಿ. ಇವುಗಳ ಒರಟು ಮೈಮೇಲೆ ಬ್ಯಾಕ್ಟೀರಿಯಾಗಳು ಪದರಗಟ್ಟಿ ಬೆಳೆಯುತ್ತವೆ. ಅವುಗಳನ್ನು ಹೊರಗಿನಿಂದ ತಂದು ಹಾಕಬೇಕಿಲ್ಲ; ಬಾವಿಯ ನೀರಿನಲ್ಲೇ ಬಂದಿರುತ್ತವೆ. ಕಬ್ಬಿಣ ಉಣ್ಣುವವು ಕಬ್ಬಿಣವನ್ನು ಗಟ್ಟಿ ಆಕ್ಸೈಡ್ ಆಗಿಸಿ ಹರಳುಗಳ ನಡುವೆ ಹಿಡಿದಿಡುತ್ತವೆ. ಮ್ಯಾಂಗನೀಸಿಗೂ ಅದರದೇ ಜೀವಿಗಳಿವೆ. ಅಮೋನಿಯಾವನ್ನು ನೈಟ್ರೊಸೊಮೊನಾಸ್ ಬಳಗದವು ನೈಟ್ರೈಟ್ ಮಾಡಿದರೆ, ನೈಟ್ರೊಸ್ಪೈರ ಬಳಗದವು ಅದನ್ನು ನೈಟ್ರೇಟ್ ಮಾಡುತ್ತವೆ. ಸಾವಯವ ಇಂಗಾಲದ ಒಂದಷ್ಟು ಭಾಗ ಇನ್ನು ಕೆಲವಕ್ಕೆ ಆಹಾರ. ಕ್ಲೋರಿನ್ ಕಬಳಿಸುತ್ತಿದ್ದ ವಸ್ತುಗಳೆಲ್ಲ ಒಂದು ತೊಟ್ಟು ರಾಸಾಯನಿಕವಿಲ್ಲದೆ ಹೀಗೆ ಇಲ್ಲಿಯೇ ಕಳೆದುಹೋಗುತ್ತವೆ.

ಇದಕ್ಕೆ ಬೇಕಾದದ್ದು ಗಾಳಿ ಮತ್ತು ತಾಳ್ಮೆ. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು ಸುಮಾರು 4.6 ಮಿಲಿಗ್ರಾಂ ಆಮ್ಲಜನಕ ಬೇಕು. ಆರೇಳು ಡಿಗ್ರಿ ಸೆಲ್ಸಿಯಸ್ಸಿನ ತಣ್ಣೀರು ಗಾಳಿಯಿಂದ ಹೀರಿಕೊಳ್ಳಬಲ್ಲ ಆಮ್ಲಜನಕ ಲೀಟರಿಗೆ ಹನ್ನೆರಡು ಮಿಲಿಗ್ರಾಂ ಮಾತ್ರ. ಅಂದರೆ ಒಮ್ಮೆ ಗಾಳಿಯೂದಿದ ನೀರಿನಲ್ಲಿ ಹೆಚ್ಚೆಂದರೆ ಸುಮಾರು ಎರಡೂವರೆ ಮಿಲಿಗ್ರಾಂ ಅಮೋನಿಯಾ ಸಾರಜನಕ ಕಳೆದೀತು. ಅದಕ್ಕಿಂತ ಹೆಚ್ಚಿದ್ದರೆ ಶೋಧಕದೊಳಕ್ಕೇ ಗಾಳಿ ಊದಬೇಕು, ಇಲ್ಲವೇ ಒಂದರ ನಂತರ ಒಂದು ತೊಟ್ಟಿಯಲ್ಲಿ ಹಾಯಿಸಬೇಕು. ಅಮೋನಿಯಾ ತಿನ್ನುವ ಜೀವಿಗಳು ಬೆಳೆಯುವುದೂ ನಿಧಾನ. ತಣ್ಣೀರಿನಲ್ಲಿ ಇನ್ನೂ ನಿಧಾನ. ಹೊಸ ಶೋಧಕ ಹದಕ್ಕೆ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಹಿಡಿದ ಕಬ್ಬಿಣದ ಗಸಿಯನ್ನು ಹೊರಹಾಕಲು ಆಗಾಗ ನೀರನ್ನು ಕೆಳಗಿನಿಂದ ಮೇಲಕ್ಕೆ ರಭಸವಾಗಿ ಹಾಯಿಸಿ ತೊಳೆಯುತ್ತಾರೆ. ತೊಳೆಯುವ ನೀರಿನಲ್ಲಿ ಕ್ಲೋರಿನ್ ಇದ್ದರೆ ತಿಂಗಳುಗಳ ಬೆಳವಣಿಗೆ ಒಂದೇ ದಿನದಲ್ಲಿ ಸಾಯುತ್ತದೆ. ಹೆಪ್ಪು ಹಾಕಿಟ್ಟ ಹಾಲನ್ನು ಕಾಯುವ ಎಚ್ಚರವೇ ಇಲ್ಲೂ ಬೇಕು.

ಆರ್ಸೆನಿಕ್‌ನ ವಿಷಯ ಇನ್ನೂ ಸೂಕ್ಷ್ಮ. ಆಮ್ಲಜನಕವಿಲ್ಲದ ಅಂತರ್ಜಲದಲ್ಲಿ ಅದು ಹೆಚ್ಚಾಗಿ ಆರ್ಸೆನೈಟ್ ರೂಪದಲ್ಲಿರುತ್ತದೆ. ಸಾಮಾನ್ಯ ನೀರಿನ ಆಮ್ಲೀಯತೆಯಲ್ಲಿ ಆರ್ಸೆನೈಟ್‌ಗೆ ವಿದ್ಯುದಂಶವಿಲ್ಲ. ಆದ್ದರಿಂದ ಪೊರೆಯೂ ಹೀರುವ ಹರಳುಗಳೂ ಅದನ್ನು ಸರಿಯಾಗಿ ತಡೆಯಲಾರವು. ಉತ್ಕರ್ಷಣಗೊಂಡು ಆರ್ಸೆನೇಟ್ ಆದಾಗ ಅದಕ್ಕೆ ಋಣ ವಿದ್ಯುದಂಶ ಬರುತ್ತದೆ. ಆಗ ಕಬ್ಬಿಣದ ಆಕ್ಸೈಡಿಗೆ ಅಂಟಿಕೊಳ್ಳುತ್ತದೆ, ಪೊರೆಯೂ ತಡೆಯುತ್ತದೆ. ಜೈವಿಕ ಶೋಧಕದಲ್ಲಿ ಈ ಮಾರ್ಪಾಡು ತಾನಾಗಿ ನಡೆಯುತ್ತದೆ. ನೆಲದಡಿಯಲ್ಲಿ ಕಬ್ಬಿಣದಿಂದ ಬಿಡಿಸಿಕೊಂಡು ನೀರಿಗಿಳಿದಿದ್ದ ಆರ್ಸೆನಿಕ್ ನೆಲದ ಮೇಲೆ ಮತ್ತೆ ಕಬ್ಬಿಣಕ್ಕೇ ಕಟ್ಟಿಬೀಳುತ್ತದೆ.

ಯೆಲ್ಲೊ ಕ್ವಿಲ್ ಬಳಿಕ ಇದೇ ವಿಧಾನವನ್ನು ಆಯಾ ನೀರಿಗೆ ತಕ್ಕಂತೆ ತಿದ್ದಿಕೊಂಡು ಬೇರೆ ಫಸ್ಟ್ ನೇಷನ್‌ಗಳೂ ಬಳಸಿದವು. ಆಲ್ಬರ್ಟದ ಸ್ಯಾಡಲ್ ಲೇಕ್ ಕ್ರೀ ನೇಷನ್ ಅಂಥವುಗಳಲ್ಲಿ ಒಂದು. ಅಲ್ಲಿನ ಮೂಲ ಪಾಚಿ ಬೆಳೆಯುವ ಸರೋವರ.

ಪೊರೆ ಮತ್ತು ಅದರ ಬೆಲೆ

ಆರ್‌ಓ ಪೊರೆ ಬಹುತೇಕ ಎಲ್ಲ ಲವಣಗಳನ್ನೂ ತಡೆಯುತ್ತದೆ. ಅದಕ್ಕೆ ಶತ್ರು ಕೊಳೆ. ಕಬ್ಬಿಣ, ಮ್ಯಾಂಗನೀಸ್, ಸಾವಯವ ಲೋಳೆ ತುಂಬಿದ ನೀರನ್ನು ನೇರವಾಗಿ ಒತ್ತಿದರೆ ಪೊರೆ ಬೇಗನೆ ಕಟ್ಟಿಕೊಳ್ಳುತ್ತದೆ. ಒತ್ತಡ ಏರಿಸಬೇಕು, ಆಮ್ಲ ಕ್ಷಾರಗಳಿಂದ ತೊಳೆಯಬೇಕು, ಕೊನೆಗೆ ಬದಲಿಸಬೇಕು. ದೂರದ ಊರಿಗೆ ಹೊಸ ಪೊರೆ ತರಿಸುವುದು ಹಣದ ಮಾತಷ್ಟೇ ಅಲ್ಲ, ಅದು ಬರುವವರೆಗೆ ನೀರೇ ಇಲ್ಲ. ಮೊದಲೇ ಜೈವಿಕವಾಗಿ ಶೋಧಿಸಿದ ನೀರು ಬಂದರೆ ಪೊರೆ ವರ್ಷಗಟ್ಟಲೆ ಬಾಳುತ್ತದೆ.

ಪೊರೆ ದಾಟಿ ಬಂದ ನೀರು ಬರಿದಾದ ನೀರು. ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಇಲ್ಲದ ಆ ನೀರು ಕೊಳವೆಗಳನ್ನೇ ಕೊರೆದು ಸೀಸ, ತಾಮ್ರಗಳನ್ನು ಕರಗಿಸಿಕೊಳ್ಳುತ್ತದೆ. ಹಾಗಾಗಿ ಖನಿಜವನ್ನು ಮತ್ತೆ ಸೇರಿಸಿ, ಆಮ್ಲೀಯತೆ ಸರಿಪಡಿಸಿ, ನಂತರ ಅಲ್ಪ ಕ್ಲೋರಿನ್ ಬೆರೆಸಿ ಕಳಿಸುತ್ತಾರೆ. ಪೊರೆ ತಡೆದ ಲವಣವೆಲ್ಲ ಸೇರಿದ ತ್ಯಾಜ್ಯ ನೀರನ್ನು ಎಲ್ಲಿಗೆ ಬಿಡುವುದು ಎಂಬ ಪ್ರಶ್ನೆ ಉಳಿಯುತ್ತದೆ. ಸಮುದ್ರದಿಂದ ದೂರದ ಊರಿನಲ್ಲಿ ಅದಕ್ಕೆ ಸುಲಭದ ಉತ್ತರವಿಲ್ಲ. ಕರ್ನಾಟಕದ ಓದುಗರಿಗೆ ಇದು ಹೊಸದೇನಲ್ಲ. ಫ್ಲೋರೈಡ್ ಪೀಡಿತ ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲೂ ಇದೇ ಪೊರೆ, ಇದೇ ತ್ಯಾಜ್ಯ ನೀರು, ದುರಸ್ತಿಯವರು ಬರುವವರೆಗೆ ಕೆಟ್ಟು ನಿಲ್ಲುವ ಅದೇ ಪಾಡು. ರಾಯಚೂರು, ಯಾದಗಿರಿ ಜಿಲ್ಲೆಗಳ ಚಿನ್ನದ ಗಣಿ ಪ್ರದೇಶದ ಕೆಲವು ಊರುಗಳ ಅಂತರ್ಜಲದಲ್ಲಿ ಆರ್ಸೆನಿಕ್ ಕಂಡುಬಂದಿದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಅದರಿಂದ ಚರ್ಮರೋಗಕ್ಕೆ ತುತ್ತಾದವರ ಅಧ್ಯಯನವೂ ನಡೆದಿದೆ.

ಯುರೇನಿಯಂ, ನೈಟ್ರೇಟ್

ಅಮೆರಿಕದ ನೈಋತ್ಯ ಭಾಗದ ನವಹೋ ನೇಷನ್ನಿನ ಕಥೆಯಲ್ಲಿ ನೆಲದ ಗುಣಕ್ಕಿಂತ ಮನುಷ್ಯನ ಪಾಲು ಹೆಚ್ಚು. 1944ರಿಂದ 1986ರವರೆಗೆ ಆ ನೆಲದಿಂದ ಸುಮಾರು 3 ಕೋಟಿ ಟನ್ ಯುರೇನಿಯಂ ಅದಿರು ತೆಗೆದರು. ಗಣಿಗಾರಿಕೆ ನಿಂತ ಮೇಲೆ 500ಕ್ಕೂ ಹೆಚ್ಚು ಗಣಿಗಳನ್ನು ಮುಚ್ಚದೆ ಬಿಟ್ಟುಹೋದರು. 1979ರ ಜುಲೈ 16ರಂದು ಚರ್ಚ್ ರಾಕ್ ಎಂಬಲ್ಲಿ ಯುರೇನಿಯಂ ಕಾರ್ಖಾನೆಯ ಕಟ್ಟೆ ಒಡೆದು 1,100 ಟನ್ ವಿಕಿರಣಶೀಲ ತ್ಯಾಜ್ಯ ಮತ್ತು ಸುಮಾರು 9.4 ಕೋಟಿ ಗ್ಯಾಲನ್ ಆಮ್ಲೀಯ ನೀರು ಪುವೆರ್ಕೊ ನದಿಗೆ ನುಗ್ಗಿತು. ನವಹೋ ನೇಷನ್ 2005ರಲ್ಲಿ ತನ್ನ ನೆಲದಲ್ಲಿ ಯುರೇನಿಯಂ ಗಣಿಗಾರಿಕೆಯನ್ನೇ ನಿಷೇಧಿಸಿತು. ಅಲ್ಲಿ ಸುಮಾರು ಮೂರರಲ್ಲೊಂದು ಮನೆಗೆ ನಲ್ಲಿಯೇ ಇಲ್ಲ. ಜನ ಪಿಕಪ್ ವಾಹನದಲ್ಲಿ ಪೀಪಾಯಿ ಹೇರಿಕೊಂಡು ಹತ್ತಾರು ಮೈಲಿ ಹೋಗಿ ನೀರು ತರುತ್ತಾರೆ. ಹತ್ತಿರದಲ್ಲೇ ದನಕರುಗಳಿಗೆಂದು ಕೊರೆದ ಗಾಳಿಯಂತ್ರದ ಬಾವಿಯಿದ್ದರೆ ಅದರ ನೀರನ್ನೂ ಕುಡಿದದ್ದುಂಟು. ಅಂಥ ಬಾವಿಗಳಲ್ಲಿ ಎಂಟರಲ್ಲೊಂದರಷ್ಟು ಕಡೆ ಯುರೇನಿಯಂ, ಅದಕ್ಕಿಂತ ತುಸು ಹೆಚ್ಚು ಕಡೆ ಆರ್ಸೆನಿಕ್, ಮಿತಿ ಮೀರಿರುವುದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗೊತ್ತಾಯಿತು. ಅಮೆರಿಕದ ಯುರೇನಿಯಂ ಮಿತಿ ಲೀಟರಿಗೆ 30 ಮೈಕ್ರೊಗ್ರಾಂ.

ನೀರಿನಲ್ಲಿ ಕರಗಿದ ಯುರೇನಿಯಂ ಕಾರ್ಬೊನೇಟ್ ಜೊತೆ ಸೇರಿ ಋಣ ವಿದ್ಯುದಂಶದ ಸಂಕೀರ್ಣವಾಗಿ ಇರುವುದೇ ಹೆಚ್ಚು. ಈ ಗುಣವನ್ನು ಹಿಡಿದೇ ಅಯಾನು ವಿನಿಮಯ ವಿಧಾನ ಕೆಲಸ ಮಾಡುತ್ತದೆ: ಪುಟ್ಟ ಮಣಿಗಳ ರೂಪದ ರಾಳ ಯುರೇನಿಯಂ ಹಿಡಿದುಕೊಂಡು ಪ್ರತಿಯಾಗಿ ನಿರಪಾಯ ಕ್ಲೋರೈಡನ್ನು ಬಿಡುತ್ತದೆ. ರಾಳ ತುಂಬಿದ ಮೇಲೆ ಅದೇ ವಿಕಿರಣಶೀಲ ತ್ಯಾಜ್ಯ. ಅದನ್ನು ಒಯ್ದು ವಿಲೇವಾರಿ ಮಾಡುವ ಏರ್ಪಾಡಿಲ್ಲದೆ ಘಟಕ ಹಾಕುವುದು ಸಮಸ್ಯೆಯನ್ನು ಬಾವಿಯಿಂದ ಎತ್ತಿ ಅಂಗಳದಲ್ಲಿಟ್ಟಂತೆ. ಆಸ್ಟ್ರೇಲಿಯದ ಉತ್ತರ ಪ್ರಾಂತ್ಯದಲ್ಲಿ, ಆಲಿಸ್ ಸ್ಪ್ರಿಂಗ್ಸ್‌ನಿಂದ ವಾಯವ್ಯಕ್ಕೆ ಸುಮಾರು 200 ಕಿಲೊಮೀಟರ್ ದೂರದ ಲರಾಂಬ ಊರಿನ ನೀರಿನಲ್ಲಿ ಯುರೇನಿಯಂ ರಾಷ್ಟ್ರೀಯ ಮಾರ್ಗಸೂಚಿಯ ಆಗಿನ ಮಿತಿಯಾದ ಲೀಟರಿಗೆ 0.017 ಮಿಲಿಗ್ರಾಂನ ಎರಡೂವರೆ ಪಟ್ಟಿಗೂ ಮೀರಿತ್ತು. ಅಲ್ಲಿ ಗಣಿಯಿಲ್ಲ, ಬಂಡೆಯಲ್ಲೇ ಇರುವ ಯುರೇನಿಯಂ ಅದು. ನಿವಾಸಿಗಳು ಮನೆ ಕೊಟ್ಟ ಸರ್ಕಾರದ ವಿರುದ್ಧ ನ್ಯಾಯಮಂಡಳಿಯ ಮೆಟ್ಟಿಲೇರಿದರು. ಅಯಾನು ವಿನಿಮಯ ಘಟಕ ಬಂದದ್ದು 2023ರಲ್ಲಿ.

ಪಶ್ಚಿಮ ಆಸ್ಟ್ರೇಲಿಯದ ಒಳನಾಡಿನಲ್ಲಿ ನೈಟ್ರೇಟ್ ಕೂಡ ಸಹಜವಾಗಿಯೇ ಅಂತರ್ಜಲ ಸೇರಿದೆ. ಮೂರು ತಿಂಗಳೊಳಗಿನ ಶಿಶುಗಳ ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನು ನೈಟ್ರೇಟ್ ಕುಂದಿಸುತ್ತದೆ. ಆದ್ದರಿಂದ ಅಲ್ಲಿ ಶಿಶುಗಳಿಗೆ ಲೀಟರಿಗೆ 50 ಮಿಲಿಗ್ರಾಂ, ಉಳಿದವರಿಗೆ 100 ಮಿಲಿಗ್ರಾಂ ಎಂಬ ಬೇರೆ ಬೇರೆ ಮಿತಿಗಳಿವೆ. ಘಟಕವಿಲ್ಲದ ಊರುಗಳಲ್ಲಿ ಹಸುಗೂಸಿನ ಹಾಲಿನ ಪುಡಿ ಕಲಸಲು ಬಾಟಲಿ ನೀರು ಹಂಚುತ್ತಾರೆ. ಇದನ್ನು ಪರಿಹಾರ ಎಂದು ಕರೆಯಲಾಗದು.

ಎಲ್ಲ ಕಡೆ ಶುದ್ಧೀಕರಣವೇ ಸರಿಯಾದ ದಾರಿಯೂ ಅಲ್ಲ. ಅರಿಜೋನದ ಹೋಪಿ ಜನರ ಹಳ್ಳಿಗಳ ಬಾವಿಗಳಲ್ಲಿ ಸಹಜ ಆರ್ಸೆನಿಕ್ ಇದೆ. 2001ರಲ್ಲಿ ಅಮೆರಿಕ ತನ್ನ ಮಿತಿಯನ್ನು ಲೀಟರಿಗೆ 50ರಿಂದ 10 ಮೈಕ್ರೊಗ್ರಾಂಗೆ ಇಳಿಸಿ 2006ರಿಂದ ಜಾರಿಗೆ ತಂದಾಗ ಆ ನೀರು ಮಿತಿಯಾಚೆ ನಿಂತಿತು. ಹೋಪಿಗಳು ಹಳ್ಳಿಗೊಂದು ಘಟಕ ಹಾಕುವ ಬದಲು ಆರ್ಸೆನಿಕ್ ಕಡಿಮೆಯಿರುವ ಬೇರೆ ಬಾವಿಗಳಿಂದ ಕೊಳವೆ ಎಳೆಯುವ ಯೋಜನೆಯನ್ನು ಆರಿಸಿಕೊಂಡರು. ಘಟಕವಿಲ್ಲದಿದ್ದರೆ ಅದು ಕೆಡುವ ಚಿಂತೆಯೂ ಇಲ್ಲ. ದೂರದ ಊರಿಗೆ ಇದು ಚಿಕ್ಕ ಲಾಭವಲ್ಲ.

ಮನೆಯ ಸಿಂಕಿನ ಕೆಳಗೆ

ಊರ ಪೂರೈಕೆಗೆ ಸೇರದ, ಚದುರಿದ ಮನೆಗಳ ಸ್ವಂತ ಬಾವಿಗಳು ಯಾವ ಎಚ್ಚರಿಕೆಯ ಪಟ್ಟಿಯಲ್ಲೂ ಕಾಣುವುದಿಲ್ಲ. ಅಮೆರಿಕದ ಮೂಲನಿವಾಸಿಗಳ ಹೃದಯದ ಆರೋಗ್ಯವನ್ನು 1980ರ ದಶಕದ ಕೊನೆಯಿಂದ ಗಮನಿಸುತ್ತ ಬಂದಿರುವ ಸ್ಟ್ರಾಂಗ್ ಹಾರ್ಟ್ ಅಧ್ಯಯನ, ಕಡಿಮೆ ಪ್ರಮಾಣದ ಆರ್ಸೆನಿಕ್ ಕೂಡ ಹೃದ್ರೋಗಕ್ಕೆ ಸಂಬಂಧಿಸಿದೆ ಎಂದು ತೋರಿಸಿತು. ಅದರ ಮುಂದುವರಿಕೆಯಾಗಿ ಉತ್ತರ ಬಯಲಿನ ಮೂಲನಿವಾಸಿಗಳ ಜೊತೆ ಸೇರಿ ನಡೆಸಿದ ಪ್ರಯೋಗದಲ್ಲಿ, ಅಡುಗೆಮನೆಯ ಸಿಂಕಿನ ಕೆಳಗೆ ಆರ್ಸೆನಿಕ್ ಹೀರುವ ಫಿಲ್ಟರ್ ಜೋಡಿಸಿ ಕುಡಿಯಲು ಬೇರೆ ನಲ್ಲಿ ಕೊಟ್ಟರು. ಮನೆಯವರ ಮೂತ್ರದಲ್ಲಿನ ಆರ್ಸೆನಿಕ್ ಸುಮಾರು ಅರ್ಧಕ್ಕೆ ಇಳಿಯಿತು. ಫಿಲ್ಟರಿನ ಒಳಗಿನ ಹರಳು ತುಂಬಿದ ಮೇಲೆ ಬಣ್ಣ, ರುಚಿ ಯಾವುದೂ ಬದಲಾಗದೆ ಆರ್ಸೆನಿಕ್ ಮತ್ತೆ ಹರಿಯತೊಡಗುತ್ತದೆ. ಹರಳಿನ ಕೊಳವೆಯನ್ನು ಯಾವಾಗ ಬದಲಿಸಬೇಕೆಂದು ಯಾರಾದರೂ ನೆನಪಿಸುತ್ತಿರಬೇಕು, ಬದಲಿ ಕೊಳವೆ ಮನೆಬಾಗಿಲಿಗೆ ಸಿಗುತ್ತಿರಬೇಕು. ಕೊಟ್ಟು ಮರೆತ ಫಿಲ್ಟರ್ ಇಲ್ಲದ ಫಿಲ್ಟರಿಗಿಂತ ಅಪಾಯಕಾರಿ, ಏಕೆಂದರೆ ಅದು ಸುಳ್ಳು ಧೈರ್ಯ ಕೊಡುತ್ತದೆ.

ನಡೆಸುವವರು, ಹಣ, ಕಾನೂನು

ಕರ್ನಾಟಕದ ಹಳ್ಳಿಗಳಲ್ಲಿ ನೀರಗಂಟಿಗೆ ಇರುವ ಸ್ಥಾನ ಫಸ್ಟ್ ನೇಷನ್‌ಗಳಲ್ಲಿ ಆಪರೇಟರ್‌ನದು. ವ್ಯತ್ಯಾಸವೆಂದರೆ ಅವರ ಕೈಯಲ್ಲಿರುವುದು ವಾಲ್ವ್ ಮಾತ್ರವಲ್ಲ, ಒಂದು ಪುಟ್ಟ ರಸಾಯನಶಾಲೆ. ಎಷ್ಟೋ ಕಡೆ ಇಡೀ ಊರಿಗೆ ಒಬ್ಬರೇ ತರಬೇತಾದ ಆಪರೇಟರ್. ಅವರು ಕಾಯಿಲೆ ಬಿದ್ದರೆ ಬದಲಿಯಿಲ್ಲ. ಹತ್ತಿರದ ಪಟ್ಟಣ ಹೆಚ್ಚು ಸಂಬಳ ಕೊಟ್ಟು ಕರೆದರೆ ಹೋಗದಿರಲು ಕಾರಣವೂ ಇಲ್ಲ. ಊರಿಂದೂರಿಗೆ ಹೋಗಿ ಆಯಾ ಘಟಕದಲ್ಲೇ ಕಲಿಸುವ ಸಂಚಾರಿ ತರಬೇತುದಾರರ ಯೋಜನೆ ಕೆನಡದಲ್ಲಿ ಚೆನ್ನಾಗಿ ಕೆಲಸ ಮಾಡಿದ ಏರ್ಪಾಡುಗಳಲ್ಲಿ ಒಂದು. ಒಕ್ಕೂಟ ಸರ್ಕಾರ ಘಟಕ ನಡೆಸುವ ಖರ್ಚನ್ನು ಒಂದು ಸೂತ್ರದ ಪ್ರಕಾರ ಲೆಕ್ಕಹಾಕಿ ಅದರ ಶೇ. 80ರಷ್ಟನ್ನು ಮಾತ್ರ ಕೊಡುತ್ತಿತ್ತು. ಉಳಿದದ್ದನ್ನು ಆದಾಯವೇ ಇಲ್ಲದ ಊರುಗಳು ತಾವೇ ಹೊಂದಿಸಬೇಕಿತ್ತು. 2020ರ ಕೊನೆಯಲ್ಲಷ್ಟೇ ಅದನ್ನು ಶೇ. 100ಕ್ಕೆ ಏರಿಸುವ ಘೋಷಣೆ ಬಂತು.

ಕಾನೂನಿನ ಸ್ಥಿತಿ ಇದಕ್ಕಿಂತ ಸಡಿಲ. ಕೆನಡದಲ್ಲಿ ಕುಡಿಯುವ ನೀರಿನ ನಿಯಮಗಳು ಪ್ರಾಂತ್ಯಗಳದು. ಆದರೆ ಫಸ್ಟ್ ನೇಷನ್ ಜನರಿಗೆ ಮೀಸಲಾದ ನೆಲವಾದ ರಿಸರ್ವ್‌ಗಳು ಒಕ್ಕೂಟದ ಹೊಣೆ. 2000ದಲ್ಲಿ ಆಂಟೇರಿಯೊದ ವಾಕರ್ಟನ್ ಪಟ್ಟಣದ ಬಾವಿಗೆ ಸೋಂಕು ತಗುಲಿ ಏಳು ಜನ ಸತ್ತು ಎರಡು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಆ ಬಳಿಕ ಪ್ರಾಂತ್ಯಗಳು ಬಿಗಿ ಕಾನೂನು ತಂದವು. ರಿಸರ್ವ್‌ಗಳಿಗೆ ಅವು ಅನ್ವಯಿಸಲಿಲ್ಲ. ಒಂದೇ ಅಂತರ್ಜಲದ ಮೇಲೆ ಕೂತ ಎರಡು ಊರುಗಳಲ್ಲಿ ಒಂದಕ್ಕೆ ಕಾನೂನಿನ ರಕ್ಷಣೆ, ಇನ್ನೊಂದಕ್ಕೆ ಬರೀ ಮಾರ್ಗಸೂಚಿ. 2013ರಲ್ಲಿ ಫಸ್ಟ್ ನೇಷನ್‌ಗಳಿಗಾಗಿ ಒಂದು ಕಾಯಿದೆ ಬಂತು. ಹೊಣೆ ಹೊರಿಸಿ ಹಣ ಕೊಡದ ಕಾಯಿದೆ ಎಂದು ಅವರೇ ಅದನ್ನು ವಿರೋಧಿಸಿದರು, 2022ರಲ್ಲಿ ಅದು ರದ್ದಾಯಿತು. ಕರ್ವ್ ಲೇಕ್, ನೆಸ್ಕಾಂಟಗ, ಟಟಾಸ್ಕ್ವೆಯಾಕ್ ಕ್ರೀ ನೇಷನ್‌ಗಳು ಹೂಡಿದ ಸಾಮೂಹಿಕ ಮೊಕದ್ದಮೆಯಲ್ಲಿ ಸುಮಾರು 800 ಕೋಟಿ ಕೆನಡಿಯನ್ ಡಾಲರ್‌ಗಳ ಒಪ್ಪಂದವಾಗಿ 2021ರ ಡಿಸೆಂಬರ್‌ನಲ್ಲಿ ನ್ಯಾಯಾಲಯಗಳ ಒಪ್ಪಿಗೆ ಸಿಕ್ಕಿತು. ಆ ಒಪ್ಪಂದದ ಭಾಗವಾಗಿ ಭರವಸೆಯಿತ್ತ ಹೊಸ ಕಾಯಿದೆಯ ಮಸೂದೆ ಸಿ-61, 2023ರ ಡಿಸೆಂಬರ್‌ನಲ್ಲಿ ಮಂಡನೆಯಾಗಿ, 2025ರ ಜನವರಿಯಲ್ಲಿ ಸಂಸತ್ತಿನ ಅಧಿವೇಶನ ಕೊನೆಗೊಂಡಾಗ ಬಿದ್ದುಹೋಯಿತು. ಅಮೆರಿಕದಲ್ಲಿ, ನವಹೋ ಜನರ ನೀರಿನ ಅಗತ್ಯವನ್ನು ಪೂರೈಸಲು ಸರ್ಕಾರ ತಾನಾಗಿ ಮುಂದಾಗಬೇಕೆಂದು 1868ರ ಒಪ್ಪಂದ ಬದ್ಧಗೊಳಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ತೀರ್ಪಿತ್ತಿತು.

ಕೆನಡದ ಪೂರ್ವ ಕರಾವಳಿಯಲ್ಲಿ ಬೇರೊಂದು ದಾರಿ ತೆರೆದಿದೆ. 2018ರಲ್ಲಿ ಸ್ಥಾಪನೆಯಾದ ಅಟ್ಲಾಂಟಿಕ್ ಫಸ್ಟ್ ನೇಷನ್ಸ್ ವಾಟರ್ ಅಥಾರಿಟಿ, ಸದಸ್ಯ ಊರುಗಳ ನೀರು ಮತ್ತು ಚರಂಡಿ ವ್ಯವಸ್ಥೆಯ ಹೊಣೆಯನ್ನು 2022ರ ಕೊನೆಯಲ್ಲಿ ಒಕ್ಕೂಟ ಸರ್ಕಾರದ ಕೈಯಿಂದ ವಹಿಸಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿತು. ಮೂಲನಿವಾಸಿಗಳದೇ ಒಡೆತನ, ಅವರದೇ ಆಡಳಿತ. ಒಬ್ಬ ಆಪರೇಟರ್ ರಜೆ ಹಾಕಿದರೆ ಪಕ್ಕದ ಊರಿನವರು ಬರುತ್ತಾರೆ. ಬಿಡಿಭಾಗಗಳನ್ನೂ ಪ್ರಯೋಗಾಲಯದ ಪರೀಕ್ಷೆಗಳನ್ನೂ ಎಲ್ಲ ಊರುಗಳು ಸೇರಿ ಏರ್ಪಾಡು ಮಾಡಿಕೊಳ್ಳುತ್ತವೆ.